ಕೆಲಸ ಬಿಟ್ಟ ಮೇಲೆ ಈಸಾಪ್ ಕೇಳಿದರೆ ‘ಯಾವ ಈಸಾಪ್?’ ಅಂತಾರೆ. ಅನುಭವ ಇದ್ದವರು ಹೇಳಿ

ಟೊಮೆಟೊ ಕ್ರೇಟ್, ಕೋಲಾರ

ಎಲ್ಲರಿಗೂ ನಮಸ್ಕಾರ. ರೈತರಿಂದ ತರಕಾರಿ ಕೊಂಡು ಬೆಂಗಳೂರಿಗೆ ಕಳಿಸುವ ಒಂದು ಸ್ಟಾರ್ಟಪ್‌ನಲ್ಲಿ ಇಲ್ಲಿನ ಕಲೆಕ್ಷನ್ ಸೆಂಟರ್ ನೋಡಿಕೊಳ್ಳುತ್ತಿದ್ದೆ. 3 ವರ್ಷ 2 ತಿಂಗಳು. ಸೇರುವಾಗ ತಿಂಗಳಿಗೆ 9 ಸಾವಿರ ಸಂಬಳ ಕಮ್ಮಿ ಮಾಡಿ, ಅದರ ಬದಲು ಶೇ 0.25 ಈಸಾಪ್ (ಕಂಪನಿಯ ಷೇರನ್ನ ಮೊದಲೇ ಗೊತ್ತುಮಾಡಿದ ಬೆಲೆಗೆ ಮುಂದೆ ಕೊಳ್ಳುವ ಹಕ್ಕು) ಅಂತ ಆಫರ್ ಲೆಟರ್‌ನಲ್ಲಿ ಹಾಕಿದ್ದರು. 4 ವರ್ಷ ವೆಸ್ಟಿಂಗ್, ಅಂದರೆ ಆ ಹಕ್ಕು ಸ್ವಲ್ಪ ಸ್ವಲ್ಪವಾಗಿ 4 ವರ್ಷದಲ್ಲಿ ಪೂರ್ತಿ ನನ್ನದಾಗುತ್ತೆ. 1 ವರ್ಷ ಕ್ಲಿಫ್, ಅಂದರೆ ಮೊದಲ ವರ್ಷ ತುಂಬುವವರೆಗೆ ಏನೂ ಇಲ್ಲ. ಆದರೆ ಹಕ್ಕು ಕೊಟ್ಟಿದ್ದೀವಿ ಅನ್ನುವ ಗ್ರ್ಯಾಂಟ್ ಲೆಟರ್ ಬರಲೇ ಇಲ್ಲ. ಕೇಳಿದಾಗಲೆಲ್ಲ ‘ಮುಂದಿನ ಬೋರ್ಡ್ ಮೀಟಿಂಗ್‌ನಲ್ಲಿ’ ಅಂತಿದ್ದರು. ಕಳೆದ ತಿಂಗಳು ರಾಜೀನಾಮೆ ಕೊಟ್ಟು ಹೊರಬಂದೆ. ಈಗ ‘ಸ್ಕೀಮೇ ಇನ್ನೂ ಆಗಿಲ್ಲ’ ಅಂತಾರೆ. ಕೊನೇ ಲೆಕ್ಕ ಚುಕ್ತಾ ಮಾಡುವ ಫುಲ್ ಅಂಡ್ ಫೈನಲ್ ಹಾಳೆಯಲ್ಲಿ ‘ಕಂಪನಿಯಿಂದ ನನಗೆ ಇನ್ನು ಯಾವ ಬಾಕಿಯೂ ಇಲ್ಲ’ ಅಂತ ಒಂದು ಸಾಲಿದೆ. ಸಹಿ ಹಾಕದಿದ್ದರೆ ಕೊನೇ ತಿಂಗಳ ಸಂಬಳ ಬಿಡಲ್ಲವಂತೆ. ಸಹಿ ಹಾಕಲಾ, ಬೇಡವಾ? ಶನಿವಾರದೊಳಗೆ ಹೇಳಬೇಕು.

ಶಿರಾಗೇಟ್, ತುಮಕೂರು

ಈಸಾಪ್ ಸಿಗಲಿಲ್ಲ ಅಂತ ಬೇಜಾರಾ ಗುರು? ಸಿಕ್ಕಿದವನ ಕತೆ ಕೇಳು.

2022ರ ಜನವರಿ. ಕೆಲಸ ಬಿಡುವ ಹೊತ್ತಿಗೆ ನನ್ನ ಹತ್ತಿರ ವೆಸ್ಟ್ ಆದ 1,800 ಆಪ್ಷನ್ ಇತ್ತು. ಎಕ್ಸರ್‌ಸೈಸ್ ಬೆಲೆ, ಅಂದರೆ ಆಪ್ಷನ್ ಬಳಸಿ ಒಂದು ಷೇರು ಕೊಳ್ಳೋಕೆ ನಾನು ಕಟ್ಟಬೇಕಾದದ್ದು, 10 ರೂಪಾಯಿ. 18 ಸಾವಿರ ಕಟ್ಟಿದರೆ ಷೇರು ನಂದು ಅಂತ ಖುಷಿಯಲ್ಲಿದ್ದೆ. ಫೈನಾನ್ಸ್‌ನವರ ಮೇಲ್ ಬಂತು. ಮರ್ಚೆಂಟ್ ಬ್ಯಾಂಕರ್ ಒಂದು ಷೇರಿಗೆ 640 ರೂಪಾಯಿ ಅಂತ ಬೆಲೆ ಕಟ್ಟಿದ್ದಾರಂತೆ. ವ್ಯತ್ಯಾಸ 630. ಅದನ್ನ 1,800ಕ್ಕೆ ಗುಣಿಸಿದರೆ 11,34,000. ಅಷ್ಟೂ ಸಂಬಳದ ಲೆಕ್ಕಕ್ಕೆ ಸೇರುತ್ತೆ. ಶೇ 30 ತೆರಿಗೆ, ಅದರ ಮೇಲೆ ಸೆಸ್, ಒಟ್ಟು 3,53,808 ರೂಪಾಯಿ ಟಿಡಿಎಸ್. ಮೊದಲು ಅದನ್ನ ಕಟ್ಟು, ಆಮೇಲೆ ಷೇರು. 10 ದಿನ ಟೈಮ್. ಷೇರು ಮಾರಿ ಬಂದ ದುಡ್ಡಿಗೆ ತೆರಿಗೆ ಅಂದರೆ ಒಪ್ಪೋಣ. ಇದು ಒಂದು ಪೈಸೆ ಕೈಗೆ ಬರುವ ಮುಂಚೆಯೇ.

ಎಲ್ಲ ಸೇರಿ 3,71,808 ಬೇಕಿತ್ತು. 3 ಲಕ್ಷದ ಚೀಟಿಯನ್ನ ಏಳನೇ ತಿಂಗಳಲ್ಲೇ ಕೂಗಿ ಎತ್ತಿದೆ. 58 ಸಾವಿರ ಬಿಟ್ಟು ಕೈಗೆ ಬಂದಿದ್ದು 2,42,000. ಉಳಿದಿದ್ದಕ್ಕೆ ಹೆಂಡತಿಯ ಅವಲಕ್ಕಿ ಸರ ಅಡ ಇಟ್ಟು 1,30,000 ತಂದೆ. ಕೊಡುವುದೆಲ್ಲ ಕೊಟ್ಟು ಉಳಿದಿದ್ದು 192 ರೂಪಾಯಿ. ಕ್ಯಾತ್ಸಂದ್ರಕ್ಕೆ ಹೋಗಿ ಮನೆಯವರಿಗೆಲ್ಲ ತಟ್ಟೆ ಇಡ್ಲಿ ಕೊಡಿಸಿದೆ. ಷೇರುದಾರ ಆದ ಪಾರ್ಟಿ!

ಮುಂದಿನ ವರ್ಷವೇ ಕಂಪನಿ ಕಮ್ಮಿ ಬೆಲೆಗೆ ಬಂಡವಾಳ ಎತ್ತಿತು. ಆ ಷೇರು ಈಗ 90 ರೂಪಾಯಿಯಂತೆ. ಅದಕ್ಕೂ ಕೊಳ್ಳುವವನಿಲ್ಲ. ಖಾಸಗಿ ಕಂಪನಿ, ಯಾರಿಗೋ ಮಾರೋಣ ಅಂದರೂ ಬೋರ್ಡ್ ಒಪ್ಪಬೇಕು. 640ರ ಮೇಲೆ ಕಟ್ಟಿದ ತೆರಿಗೆ ವಾಪಸ್ ಬರಲ್ಲ. ಮಾರಿದ ದಿನ 9,90,000 ಬಂಡವಾಳ ನಷ್ಟ ಅಂತ ತೋರಿಸಬಹುದು, 8 ವರ್ಷ ಮುಂದಕ್ಕೆ ಒಯ್ಯಬಹುದು ಅಂದರು ಆಡಿಟರ್. ಆದರೆ ಅದನ್ನ ದೀರ್ಘಾವಧಿ ಬಂಡವಾಳ ಲಾಭದ ಎದುರಿಗೆ ಮಾತ್ರ ವಜಾ ಮಾಡಬಹುದು. ಆ ಲಾಭ ನನಗೆ ಎಲ್ಲಿಂದ ಬರಬೇಕು? ಸರ ಬಿಡಿಸಿದ್ದು ಕಳೆದ ಯುಗಾದಿಗೆ.

ರಾಗಿಮುದ್ದೆ ಕೋಡರ್, ಗೌರಿಬಿದನೂರು

ನಿಮ್ಮ ಆಡಿಟರ್ ಸರಿ ಇಲ್ಲ ಬ್ರೋ. ಸ್ಟಾರ್ಟಪ್ ಈಸಾಪ್‌ಗೆ ತಕ್ಷಣ ತೆರಿಗೆ ಕಟ್ಟಬೇಕಿಲ್ಲ. 2020ರ ಬಜೆಟ್‌ನಲ್ಲೇ ಮುಂದೂಡುವ ಅವಕಾಶ ಕೊಟ್ಟಿದ್ದಾರೆ. ಸುಮ್ನೆ ಚೀಟಿ ಎತ್ತಿ ನಷ್ಟ ಮಾಡಿಕೊಂಡಿದ್ದೀರ.

ಶಿರಾಗೇಟ್, ತುಮಕೂರು

ಬಂದರಪ್ಪ. ಅರ್ಧ ಓದಿ ಬರೆಯುವವರು ಇವರೇ. ಆ ಅವಕಾಶ 80-ಐಎಸಿ ಅನ್ನುವ ತೆರಿಗೆ ವಿನಾಯಿತಿಯ ಸರ್ಟಿಫಿಕೇಟ್ ಇರುವ ಸ್ಟಾರ್ಟಪ್‌ಗೆ ಮಾತ್ರ. ಬರೀ ಸ್ಟಾರ್ಟಪ್ ಅಂತ ಸರ್ಕಾರದ ಮಾನ್ಯತೆ ಇದ್ದರೆ ಸಾಲದು. ಇನ್ನೊಂದು, ಕೆಲಸ ಬಿಟ್ಟರೆ ಆ ರಿಯಾಯಿತಿ ಅಲ್ಲಿಗೇ ಮುಗೀತು. ಬಿಟ್ಟ 14 ದಿನದೊಳಗೆ ತೆರಿಗೆ ಕಟ್ಟಬೇಕು. ನಾವು ಇಲ್ಲಿ ಮಾತಾಡ್ತಿರೋದೇ ಕೆಲಸ ಬಿಟ್ಟವರ ಬಗ್ಗೆ. ಮೇಲಿನ ಪ್ರಶ್ನೆ ಓದಿದ್ರಾ?

ಮಾಲೂರು ಪ್ಯಾಸೆಂಜರ್

ನನ್ನದು 19 ದಿನದ ಕತೆ. ಹೇಳಿಕೊಂಡರೆ ಹೊಟ್ಟೆ ಉರಿ ಸ್ವಲ್ಪ ಕಮ್ಮಿ ಆಗಬಹುದು.

ಮಾಲೂರಿಂದ ಬೆಂಗಳೂರಿಗೆ ದಿನಾ ಟ್ರೈನಲ್ಲಿ ಓಡಾಡಿ ನಾಲ್ಕು ವರ್ಷ ದುಡಿದೆ. 640 ಆಪ್ಷನ್ ವೆಸ್ಟ್ ಆಗಿತ್ತು. ಒಂದು ರೂಪಾಯಿಗೆ ಒಂದು ಷೇರು. ಕೊನೆಯ ಬೆಲೆ 780. ಮೇ 2ಕ್ಕೆ ರಾಜೀನಾಮೆ ಮೇಲ್ ಹಾಕಿದೆ. ನೋಟಿಸ್ ಮುಗಿಸಿ ಜೂನ್ 30ಕ್ಕೆ ಹೊರಬಿದ್ದೆ. ಕೆಲಸ ಬಿಟ್ಟ ಮೇಲೆ ಎಕ್ಸರ್‌ಸೈಸ್ ಮಾಡೋಕೆ 90 ದಿನ ಅಂತ ಗೊತ್ತಿತ್ತು. ಜೂನ್ 30ರಿಂದ ಎಣಿಸಿ ಸೆಪ್ಟೆಂಬರ್ 28 ಅಂತ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟೆ. ತೆರಿಗೆಗೆ ದುಡ್ಡು ಹೊಂದಿಸಿಕೊಂಡು ಆಗಸ್ಟ್ 19ಕ್ಕೆ ಈಸಾಪ್ ಪೋರ್ಟಲ್ ತೆಗೆದರೆ ಲಾಗಿನ್ ಆಗಲ್ಲ. ಒಟಿಪಿ ಹೋಗುವುದು ಕಂಪನಿ ಮೇಲ್‌ಗೆ. ಆ ಮೇಲ್ ಜೂನ್ 30ರ ಸಂಜೆಯೇ ಬಂದ್. ಫೋನ್ ಮಾಡಿದೆ. ಕಂಪನಿಯಲ್ಲಿ ಫೋನ್ ಎತ್ತಿದ ಹುಡುಗಿ ತಣ್ಣಗೆ ಹೇಳಿದಳು: ‘ಸಾರ್, ಸ್ಕೀಮ್ ಪ್ರಕಾರ 90 ದಿನ ರಾಜೀನಾಮೆ ಕೊಟ್ಟ ತಾರೀಕಿಂದ. ಜುಲೈ 31ಕ್ಕೆ ಮುಗಿದಿದೆ.’

640 ಷೇರು, ಒಂದಕ್ಕೆ 779 ರೂಪಾಯಿ ಲಾಭ, 4,98,560. ತೆರಿಗೆ ಕಳೆಯದೆ ಹೇಳ್ತಿದ್ದೀನಿ. ತಡವಾಗಿದ್ದು 19 ದಿನ. ದಿನಕ್ಕೆ 26,240 ರೂಪಾಯಿ. ಈ ಭಾಗಾಕಾರ ನಾನು ಎಷ್ಟು ಸಲ ಮಾಡಿದ್ದೀನೋ ದೇವರಿಗೇ ಗೊತ್ತು. ಪ್ರತಿ ಸಲವೂ ಸರಿಯಾಗೇ ಬರುತ್ತೆ.

ಒಬ್ಬ ಎಚ್‌ಆರ್ ಒಂದು ಮೇಲ್ ಹಾಕಿದ್ದರೆ ಸಾಕಿತ್ತು. ಲ್ಯಾಪ್‌ಟಾಪ್ ಚಾರ್ಜರ್ ವಾಪಸ್ ಕೊಡಿ ಅಂತ ಮೂರು ಮೇಲ್ ಹಾಕಿದ್ದರು.

ವೇಮಗಲ್ ಎಚ್‌ಆರ್

ಅಲ್ಲಿಗೆ ಎಲ್ಲ ತಪ್ಪೂ ಎಚ್‌ಆರ್ ತಲೆಗೆ. ಹದಿನಾರು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಸ್ಕೀಮ್ ಓದಿ ಬಂದು ಪ್ರಶ್ನೆ ಕೇಳಿದವರನ್ನು ಕೈಬೆರಳಲ್ಲಿ ಎಣಿಸಬಹುದು. ಆಫರ್ ಲೆಟರ್‌ನಲ್ಲಿ ಸಂಬಳದ ಸಾಲು ನೋಡುತ್ತಾರೆ, ಉಳಿದ ಹನ್ನೊಂದು ಪುಟಕ್ಕೆ ಕಣ್ಣು ಮುಚ್ಚಿ ಸಹಿ.

ಕಾನೂನು ಹೇಳುತ್ತೇನೆ. ಕಂಪನಿ ಕಾಯ್ದೆ 2013ರ ಕಲಂ 62, ಜೊತೆಗೆ 2014ರ ನಿಯಮ 12. ಈಸಾಪ್ ಅಂದರೆ ಮೊದಲು ಸ್ಕೀಮ್ ಇರಬೇಕು, ಷೇರುದಾರರು ನಿರ್ಣಯ ಮಾಡಿರಬೇಕು. ಗ್ರ್ಯಾಂಟ್‌ಗೂ ವೆಸ್ಟಿಂಗ್‌ಗೂ ನಡುವೆ ಕಮ್ಮಿ ಅಂದರೂ ಒಂದು ವರ್ಷ. ಗಮನಿಸಿ, ಗ್ರ್ಯಾಂಟ್ ಆದ ದಿನದಿಂದ. ಕೆಲಸಕ್ಕೆ ಸೇರಿದ ದಿನದಿಂದ ಅಲ್ಲ. ರಾಜೀನಾಮೆ ಕೊಟ್ಟರೆ ವೆಸ್ಟ್ ಆಗದ್ದು ಅಲ್ಲಿಗೇ ಹೋಯಿತು. ವೆಸ್ಟ್ ಆದದ್ದನ್ನು ಸ್ಕೀಮ್ ಹೇಳಿದ ಗಡುವಿನಲ್ಲಿ ತೆಗೆದುಕೊಳ್ಳಬಹುದು. ಗಡುವು ಎಷ್ಟು, ಯಾವಾಗಿಂದ ಅಂತ ಕಂಪನಿಯೇ ಸ್ಕೀಮ್‌ನಲ್ಲಿ ಬರೆದಿರುತ್ತದೆ. ಮಾಲೂರಿನವರೇ, 90 ದಿನ ಯಾವಾಗಿಂದ ಅಂತ ನೀವೂ ಓದಬಹುದಿತ್ತಲ್ವಾ?

ಮಾಲೂರು ಪ್ಯಾಸೆಂಜರ್

ಓದೋಣ ಅಂದರೆ ಸ್ಕೀಮ್ ಇದ್ದಿದ್ದೂ ಅದೇ ಪೋರ್ಟಲ್‌ನಲ್ಲಿ ಮೇಡಂ. ಅದಕ್ಕೂ ಅದೇ ಒಟಿಪಿ. ಮನೆ ಬಾಗಿಲಿಗೆ ಬೀಗ ಹಾಕಿ, ಒಳಗೆ ಗೋಡೆ ಮೇಲೆ ನಿಯಮ ಅಂಟಿಸಿದ್ದೀವಿ ಅಂದ ಹಾಗಾಯ್ತು.

ವೇಮಗಲ್ ಎಚ್‌ಆರ್

ನಾಲ್ಕು ವರ್ಷ ಆ ಬಾಗಿಲು ತೆಗೆದೇ ಇತ್ತು. ಮತ್ತೆ, ನಾನು ಮೇಡಂ ಅಲ್ಲ, ಸಾರ್.

ಪಾವಗಡ ಬಿಸಿಲು

ನನ್ನದು ಚಿಕ್ಕದು. ಸೋಲಾರ್ ಪಾರ್ಕಿನ ಕಡೆ ಪ್ಯಾನೆಲ್ ತೊಳೆಸುವ ಗುತ್ತಿಗೆಯ ಒಂದು ಸಂಸ್ಥೆ. ‘ನಿಂಗೆ ಶೇ 2 ಈಕ್ವಿಟಿ ಕಣೋ, ನೀನು ಮನೆ ಹುಡುಗ’ ಅಂದಿದ್ದರು ಧಣಿ. ಎರಡೂವರೆ ವರ್ಷ 42 ಡಿಗ್ರಿ ಬಿಸಿಲಲ್ಲಿ ನಿಂತೆ. ಬಿಟ್ಟು ಬರುವಾಗ ಕೇಳಿದೆ. ನಕ್ಕರು. ಆಮೇಲೆ ಸ್ನೇಹಿತ ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲ್‌ನಲ್ಲಿ ಹುಡುಕಿ ತೋರಿಸಿದ. ಅದು ಕಂಪನಿಯೇ ಅಲ್ಲ, ಎಲ್‌ಎಲ್‌ಪಿ, ಅಂದರೆ ಒಂಥರಾ ಪಾಲುದಾರಿಕೆ ಸಂಸ್ಥೆ. ಎಲ್‌ಎಲ್‌ಪಿಯಲ್ಲಿ ಷೇರೇ ಇರಲ್ಲವಂತೆ. ಇಲ್ಲದ ವಸ್ತುವಿನಲ್ಲಿ ಶೇ 2 ನಂದಿತ್ತು. ಈಗ ತಂಗಿ ಮದುವೆಗೆ ಅವರೇ 5 ಸಾವಿರ ಮುಯ್ಯಿ ಹಾಕಿದ್ದಾರೆ, ಜಗಳ ಆಡುವ ಹಾಗೂ ಇಲ್ಲ.

ರೇಷ್ಮೆಗೂಡು, ಶಿಡ್ಲಘಟ್ಟ

ಪ್ರಶ್ನೆ ಕೇಳಿದ ತಮ್ಮನ ಕೇಸು ನನ್ನ ಕೇಸಿನ ಜೆರಾಕ್ಸ್. ಆಫರ್ ಲೆಟರ್‌ನಲ್ಲಿ ಈಸಾಪ್, ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ‘ಬೋರ್ಡ್ ಒಪ್ಪಿಗೆಗೆ ಒಳಪಟ್ಟು’. ಆ ಸಾಲು ನಿನ್ನ ಲೆಟರ್‌ನಲ್ಲೂ ಇದೆಯಾ ನೋಡು.

ನಮ್ಮಪ್ಪ ಗೂಡು ಮಾರೋಕೆ ಹೋದರೆ ತೂಕದ ಚೀಟಿ ಕೈಗೆ ಬರದೆ ಮಾರುಕಟ್ಟೆಯಿಂದ ಕದಲುತ್ತಿರಲಿಲ್ಲ. ಮಳೆ ಬಂದರೂ ಅಲ್ಲೇ. ಎಂಬಿಎ ಓದಿದ ನಾನು ಎರಡು ವರ್ಷ ಚೀಟಿ ಇಲ್ಲದೆ ದುಡಿದೆ. ಅಪ್ಪ ಇದನ್ನ ಈಗಲೂ ನೆಂಟರ ಮುಂದೆ ಹೇಳುತ್ತಾರೆ.

ಹೊರಬಂದ ಮೇಲೆ ನಾನು ಮೊದಲು ಮಾಡಿದ್ದು ಇಷ್ಟು. ಆ ಸಚಿವಾಲಯದ ಪೋರ್ಟಲ್‌ನಲ್ಲೇ 100 ರೂಪಾಯಿ ಕಟ್ಟಿದರೆ ಒಂದು ಕಂಪನಿ ಸಲ್ಲಿಸಿದ ಸಾರ್ವಜನಿಕ ದಾಖಲೆ ನೋಡಬಹುದು. ರಾತ್ರಿ ಊಟ ಬಿಟ್ಟು ಕೂತು ಒಂದೊಂದೇ ತೆಗೆದೆ. ಕಂಪನಿ ತನ್ನ ನಿರ್ಣಯಗಳನ್ನ ಸಲ್ಲಿಸುವ ಎಂಜಿಟಿ-14 ಫಾರ್ಮ್ ಜೊತೆ ಈಸಾಪ್ ಸ್ಕೀಮ್ ಪೂರ್ತಿ ಇತ್ತು! ನನಗೆ ‘ಸ್ಕೀಮ್ ಇಲ್ಲ’ ಅಂದಿದ್ದರಲ್ಲ, ಅದಕ್ಕೂ ಎಂಟು ತಿಂಗಳು ಮುಂಚೆಯೇ ಪಾಸ್ ಆಗಿತ್ತು. ಪ್ರಿಂಟ್ ತೆಗೆದು ಹಳದಿ ಪೆನ್ನಲ್ಲಿ ಗುರುತು ಹಾಕಿದೆ.

ಖರ್ಚು ಬರೆದಿಟ್ಟಿದ್ದೀನಿ. ಮೊದಲ ಲಾಯರ್ ನೋಟಿಸ್ 8,000. ಉತ್ತರ ಬಂತು, ಎರಡೇ ಸಾಲು, ‘ನಿಮಗೆ ಯಾವ ಹಕ್ಕೂ ಇಲ್ಲ’. ಎರಡನೇ ನೋಟಿಸ್ 5,000, ಇದಕ್ಕೆ ಆ ಸ್ಕೀಮ್ ಲಗತ್ತಿಸಿದೆವು. ಜೆರಾಕ್ಸ್ 340. ಅಂಚೆ 174. ಆಗ ರಿಜಿಸ್ಟರ್ಡ್ ಪೋಸ್ಟ್ ಅಂತ ಬೇರೆ ಇತ್ತು, 2025ರಲ್ಲಿ ಅದನ್ನ ಸ್ಪೀಡ್ ಪೋಸ್ಟ್‌ಗೆ ಸೇರಿಸಿಬಿಟ್ಟರು. ಬೆಂಗಳೂರಿಗೆ 11 ಸಲ ಹೋಗಿಬಂದೆ. ಅಷ್ಟರಲ್ಲಿ ಶಕ್ತಿ ಯೋಜನೆ ಬಂದಿತ್ತು, ಬಸ್ಸಿಗೆ ಖರ್ಚಿಲ್ಲ. ಆಟೋಗೆ 2,420. ಒಟ್ಟು 15,934. 14 ತಿಂಗಳಾದ ಮೇಲೆ ಅವರೇ ಕರೆದು 1,75,000ಕ್ಕೆ ಮುಗಿಸಿಕೊಂಡರು. ಟಿಡಿಎಸ್ ಹಿಡಿದು ಬಂದಿದ್ದು 1,57,500. ನನ್ನ ಲೆಕ್ಕದ ಪ್ರಕಾರ ಬರಬೇಕಿದ್ದದ್ದು ಅದರ ಮೂರು ಪಟ್ಟು. ಆದರೂ ಬಿಡಲಿಲ್ಲ ಅನ್ನೋ ಸಮಾಧಾನ ಇದೆ.

ಮಧ್ಯೆ ಲೇಬರ್ ಆಫೀಸಿಗೂ ಹೋಗಿದ್ದೆ. ‘ಇದು ಸಂಬಳದ ಬಾಕಿ ಅಲ್ಲಮ್ಮ, ಒಪ್ಪಂದದ ವಿಷಯ, ಸಿವಿಲ್ ಕೋರ್ಟಿಗೆ ಹೋಗಿ’ ಅಂದರು. ಕೋರ್ಟಿಗೆ ಹೋಗೋದಾದರೆ ಮಾತು ತಪ್ಪಿದ ದಿನದಿಂದ 3 ವರ್ಷದೊಳಗೆ ಅಂತ ಲಾಯರ್ ಹೇಳಿದ್ದರು.

ಮಾಲೂರು ಪ್ಯಾಸೆಂಜರ್

ಅಕ್ಕ, 11 ಸಲ ಫ್ರೀ ಬಸ್ಸಲ್ಲಿ ಓಡಾಡಿ ಕೇಸ್ ನಡೆಸಿದ್ದೀರ. ಅದು ನಮ್ಮ ತೆರಿಗೆ ದುಡ್ಡು. ಆ ಖರ್ಚನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿ.

ರೇಷ್ಮೆಗೂಡು, ಶಿಡ್ಲಘಟ್ಟ

ನಿನ್ನ ಟ್ರೈನ್ ಪಾಸ್ ಏನು ನಿಮ್ಮಜ್ಜನ ಗಂಟಾ ತಮ್ಮ? ಅದಕ್ಕೂ ಸರ್ಕಾರವೇ ಕೈಯಿಂದ ಹಾಕೋದು. ನಾನೂ ಟಿಡಿಎಸ್ ಕಟ್ಟಿದ್ದೀನಿ, ಮೇಲೆ ಬರೆದಿದ್ದೀನಿ ನೋಡು. 19 ದಿನ ಕಳಕೊಂಡ ಸಿಟ್ಟನ್ನ ನನ್ನ ಮೇಲೆ ತೀರಿಸಬೇಡ.

ರಾಗಿಮುದ್ದೆ ಕೋಡರ್, ಗೌರಿಬಿದನೂರು

ಟ್ರೈನ್ ವಿಷಯ ಬಂತು ಅಂತ ಹೇಳ್ತೀನಿ, ನಮ್ಮ ಕಡೆ ಬೆಳಿಗ್ಗೆ ಗಾಡಿಯಲ್ಲಿ ಒಂದು ಕಾಲಿಡೋಕೆ ಜಾಗ ಇರಲ್ಲ.

ಸೈಟ್ ಪಾರ್ಟಿ, ತುಮಕೂರು

ಇಷ್ಟೆಲ್ಲ ಓದಿ ನಗು ಬಂತು. 2019ರಲ್ಲಿ ನನಗೂ ಇದೇ ಆಫರ್ ಕೊಟ್ಟಿದ್ದರು. ಈಸಾಪ್ ಬೇಡ, ತಿಂಗಳಿಗೆ 12 ಸಾವಿರ ಜಾಸ್ತಿ ಕೊಡಿ ಅಂದೆ. ಎದುರಿಗಿದ್ದವರು ನನ್ನನ್ನು ಹಳ್ಳಿ ಗಮಾರನ ಹಾಗೆ ನೋಡಿದರು. ‘ಇನ್ಫೋಸಿಸ್ ಡ್ರೈವರ್‌ಗಳ ಕತೆ ಕೇಳಿಲ್ವಾ?’ ಅಂದರು. ಕೇಳಿದ್ದೀನಿ ಸ್ವಾಮಿ. ಇನ್ಫೋಸಿಸ್ 1993ರಲ್ಲಿ ಮಾರುಕಟ್ಟೆಗೆ ಬಂದಿತ್ತು, ಆ ಷೇರು ಮಾರೋಕೆ ಮಾರುಕಟ್ಟೆ ಇತ್ತು. ನಿಮ್ಮದನ್ನ ಎಲ್ಲಿ ಮಾರಲಿ, ಅಂತರಸನಹಳ್ಳಿ ಮಂಡಿಯಲ್ಲಾ?

ನಾಲ್ಕು ವರ್ಷಕ್ಕೆ 5,76,000 ಜಾಸ್ತಿ ಬಂತು. ಅದಕ್ಕೆ ಮನೆ ದುಡ್ಡು ಸೇರಿಸಿ ಹಿರೇಹಳ್ಳಿ ಹತ್ತಿರ ಮೂವತ್ತು ನಲವತ್ತು ಸೈಟ್ ತೆಗೆದೆ. ಕಾಂಪೌಂಡ್ ಹಾಕಿಸಿದ್ದೀನಿ. ನಾಲ್ಕು ತೆಂಗಿನ ಸಸಿ ನೆಟ್ಟಿದ್ದೀನಿ. ಮುಟ್ಟಿ ನೋಡಬಹುದು.

ಶಿರಾಗೇಟ್, ತುಮಕೂರು

ಇ-ಖಾತಾ ಆಯ್ತಾ?

ಸೈಟ್ ಪಾರ್ಟಿ, ತುಮಕೂರು

ಅದು ಇಲ್ಲಿ ಯಾಕೆ?

ಶಿರಾಗೇಟ್, ತುಮಕೂರು

ಯಾಕೆ ಅಂದರೆ ರೆವಿನ್ಯೂ ಸೈಟ್ ತಗೊಂಡು ನಮಗೆ ಬುದ್ಧಿ ಹೇಳ್ತಿದ್ದೀರಲ್ಲ ಅದಕ್ಕೆ. ಇ-ಖಾತಾ ಇಲ್ಲದೆ ಈಗ ರಿಜಿಸ್ಟ್ರೇಷನ್ ಆಗಲ್ಲ. ನನ್ನ ಷೇರಿಗೂ ಕೊಳ್ಳುವವನಿಲ್ಲ, ನಿಮ್ಮ ಸೈಟಿಗೂ ಇಲ್ಲ. ತೆಂಗಿನಕಾಯಿ ಒಂದು ನಿಮಗೆ ಲಾಭ.

ಸೈಟ್ ಪಾರ್ಟಿ, ತುಮಕೂರು

ಹೆಂಡತಿ ಸರ ಅಡ ಇಟ್ಟವರು ನನ್ನ ಖಾತೆ ಕೇಳ್ತಾರೆ. ಕಾಲ.

ಟೊಮೆಟೊ ಕ್ರೇಟ್, ಕೋಲಾರ

ಅಣ್ಣಂದಿರೇ, ಅಕ್ಕ, ಎಲ್ಲರಿಗೂ ಥ್ಯಾಂಕ್ಸ್. ಸಹಿ ಹಾಕಲಾ ಬೇಡವಾ ಅಂತ ಕೇಳಿದ್ದೆ. ಇವತ್ತು ಶುಕ್ರವಾರ.

ರೇಷ್ಮೆಗೂಡು, ಶಿಡ್ಲಘಟ್ಟ

ಅಯ್ಯೋ ತಮ್ಮ, ಮುಖ್ಯವಾದದ್ದೇ ಬಿಟ್ಟುಹೋಯ್ತು. ನಾನು ಸಹಿ ಹಾಕಿದೆ. ಆದರೆ ಆ ಸಾಲಿನ ಪಕ್ಕ ಪೆನ್ನಲ್ಲಿ ‘ಈಸಾಪ್ ಬಾಕಿ ಬಿಟ್ಟು’ ಅಂತ ಬರೆದು, ಅದರ ಕೆಳಗೆ ಇನ್ನೊಂದು ಚಿಕ್ಕ ಸಹಿ ಹಾಕಿದೆ. ಫೋಟೊ ತೆಗೆದು ಅವತ್ತೇ ನನ್ನ ಸ್ವಂತ ಮೇಲ್‌ನಿಂದ ಕಳಿಸಿದೆ. ಕುಣಿದಾಡಿದರು. ಸಂಬಳ 23 ದಿನ ತಡ ಮಾಡಿದರು. ಆದರೆ ಕೊಟ್ಟರು.

ವೇಮಗಲ್ ಎಚ್‌ಆರ್

ಕಂಪನಿ ಕಡೆಯವನಾಗಿ ಇದನ್ನು ಹೇಳಬಾರದು, ಆದರೂ ಹೇಳುತ್ತೇನೆ. ಸಂಬಳ ತಡೆಹಿಡಿಯುವ ಹಾಗಿಲ್ಲ. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಯಲ್ಲಿದೆ. ರಾಜೀನಾಮೆ ಕೊಟ್ಟು ಹೋದವರಿಗೂ ಎರಡು ಕೆಲಸದ ದಿನದೊಳಗೆ ಸಂಬಳ ಚುಕ್ತಾ ಮಾಡಬೇಕು. ಸಹಿಗೂ ಅದಕ್ಕೂ ಸಂಬಂಧ ಇಲ್ಲ.

ಈಸಾಪ್ ಮಾತ್ರ ನಿಮ್ಮದು ಕಷ್ಟವೇ. ಗ್ರ್ಯಾಂಟ್ ಇಲ್ಲ ಅಂದರೆ ವೆಸ್ಟಿಂಗ್ ಶುರುವೇ ಆಗಿಲ್ಲ. ಮತ್ತೆ ಶೇ 0.25 ಅಂದರೆ ಯಾವ ದಿನದ ಶೇ 0.25? ಸೇರಿದ ದಿನದ್ದಾ, ಬಿಟ್ಟ ದಿನದ್ದಾ? ಹೊಸ ಬಂಡವಾಳ ಬಂದ ಹಾಗೆಲ್ಲ ಅದು ಕರಗುತ್ತದೆ. ಸಂಖ್ಯೆ ಬರೆಸಿಕೊಳ್ಳಬೇಕಿತ್ತು. ನಿಮ್ಮ ಕೈಲಿರುವುದು ಷೇರಲ್ಲ, ಒಂದು ಮಾತು. ಸಂಬಳ ಕಮ್ಮಿ ಮಾಡಿ ಆ ಮಾತು ಕೊಟ್ಟರು ಅನ್ನುವುದಕ್ಕೆ ಆಫರ್ ಲೆಟರ್ ಬಿಟ್ಟು ಬೇರೇನಾದರೂ ಇದೆಯಾ?

ಟೊಮೆಟೊ ಕ್ರೇಟ್, ಕೋಲಾರ

ರಾತ್ರಿ 100 ರೂಪಾಯಿ ಕಟ್ಟಿ ನೋಡಿದೆ ಸಾರ್. ಈಸಾಪ್ ಬಗ್ಗೆ ಒಂದು ಕಾಗದವೂ ಸಿಗಲಿಲ್ಲ. ಆದರೆ ಎರಡು ವರ್ಷದ ಹಿಂದೆ ಟೊಮೆಟೊ ರೇಟು ಏರಿದ್ದ ಸಮಯದಲ್ಲಿ ಬೇರೆ ಕಂಪನಿಯವರು ನನ್ನನ್ನು ಕರೆದಿದ್ದರು. ಆಗ ಫೌಂಡರ್ ವಾಟ್ಸ್ಆ್ಯಪ್‌ನಲ್ಲಿ ‘ಎಲ್ಲೂ ಹೋಗಬೇಡ, ನಿನ್ನ 0.25 ನನ್ನ ಜವಾಬ್ದಾರಿ’ ಅಂತ ಹಾಕಿದ್ದರು. ಅದನ್ನ ನಂಬಿ ಉಳಿದೆ.

ವೇಮಗಲ್ ಎಚ್‌ಆರ್

ಇದನ್ನು ಮೊದಲೇ ಹೇಳಬಾರದಾ? ಬರೀ ಸ್ಕ್ರೀನ್‌ಶಾಟ್ ಸಾಲದು. ಆ ಮೆಸೇಜ್ ಬಂದ ಫೋನ್ ಹಾಗೇ ಇಡಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಸರ್ಟಿಫಿಕೇಟ್ ಕೊಡಬೇಕಾಗುತ್ತದೆ.

ಟೊಮೆಟೊ ಕ್ರೇಟ್, ಕೋಲಾರ

ಆ ಫೋನ್ ದೀಪಾವಳಿಗೆ ತಂಗಿಗೆ ಕೊಟ್ಟೆ. ಅವಳು ಈಗ ಮುಳಬಾಗಿಲಲ್ಲಿದ್ದಾಳೆ. ರೀಸೆಟ್ ಮಾಡಿದ್ದಾಳೋ ಏನೋ, ಫೋನ್ ಎತ್ತುತ್ತಿಲ್ಲ. ಬೈಕಲ್ಲಿ ಈಗಲೇ ಹೊರಟೆ.

ಮಾಲೂರು ಪ್ಯಾಸೆಂಜರ್

ಬೇಗ ಹೋಗು ಮಾರಾಯ. ದಿನ ಎಣಿಸ್ತಾ ಕೂರಬೇಡ.

ಸೈಟ್ ಪಾರ್ಟಿ, ತುಮಕೂರು

ಶಿರಾಗೇಟ್‌ನವರ ಗಮನಕ್ಕೆ: ಇ-ಖಾತಾಗೆ ಅರ್ಜಿ ಹಾಕಿ ನಾಲ್ಕು ತಿಂಗಳಾಗಿದೆ. ‘ಮುಂದಿನ ವಾರ’ ಅಂದಿದ್ದಾರೆ.